ಸಿಮ್ ಬೀಗದ ಚರಿತ್ರೆ

ಮೊಬೈಲ್ ಫೋನು ಒಂದೇ ಕಂಪನಿಯ ಸಿಮ್ಮಿಗೆ ಓಗೊಟ್ಟು, ಬೇರೆ ಸಿಮ್ ಹಾಕಿದರೆ ಮುಖ ತಿರುಗಿಸುವಂತೆ ಮಾಡುವ ಏರ್ಪಾಡಿಗೆ ಸಿಮ್ ಲಾಕ್ ಎಂದು ಹೆಸರು. ಹಾಗೆ ಲಾಕ್ ಆದ ಫೋನು ಕೆಟ್ಟಿರುವುದಿಲ್ಲ. ಪರದೆ ಬೆಳಗುತ್ತದೆ, ಕ್ಯಾಮೆರಾ ಚಿತ್ರ ತೆಗೆಯುತ್ತದೆ, ಅಲಾರಂ ಹೊಡೆಯುತ್ತದೆ. ಕರೆ ಮಾತ್ರ ಹೋಗುವುದಿಲ್ಲ. ಅಮೆರಿಕದಿಂದ ಮಗನೋ ತಂಗಿಯೋ ತಂದುಕೊಟ್ಟ ಐಫೋನಿಗೆ ಊರಿನ ಸಿಮ್ ಹಾಕಿ, ಪರದೆಯ ಮೇಲೆ ‘ಸಿಮ್ ನಾಟ್ ವ್ಯಾಲಿಡ್’ ಎಂಬ ಸಾಲು ನೋಡಿ ಪೆಚ್ಚಾದವರು ಕರ್ನಾಟಕದಲ್ಲೂ ಇದ್ದಾರೆ. ದುಡ್ಡು ಕೊಟ್ಟು ಕೊಂಡ ವಸ್ತುವಿನ ಮೇಲೆ ಮಾರಿದವನ ಬೀಗ ಯಾಕೆ, ಅದನ್ನು ತೆಗೆಯುವ ಹಕ್ಕು ಯಾರದು ಎಂಬ ಜಗಳ ಹಲವು ದೇಶಗಳಲ್ಲಿ ವರ್ಷಗಟ್ಟಲೆ ನಡೆದಿದೆ. ಬೀಗ ಹುಟ್ಟಿದ್ದು ಅಗ್ಗದ ಬೆಲೆಯಿಂದ. ಜಗಳ ಹುಟ್ಟಿದ್ದು ಬಾಕಿಯೆಲ್ಲ ತೀರಿದ ಮೇಲೂ ಬೀಗ ಹಾಗೇ ಉಳಿದದ್ದರಿಂದ.

ಮೊಬೈಲಿಗಿಂತ ಮುಂಚೆ ಇಂಥ ಪ್ರಶ್ನೆ ಏಳುವ ಹಾಗೇ ಇರಲಿಲ್ಲ; ಮನೆಯಲ್ಲಿದ್ದ ಫೋನು ಮನೆಯವರದಾಗಿರಲಿಲ್ಲ. ಅಮೆರಿಕದಲ್ಲಿ ಎಟಿ ಅಂಡ್ ಟಿ ಕಂಪನಿಯ ಬೆಲ್ ವ್ಯವಸ್ಥೆ ವೆಸ್ಟರ್ನ್ ಎಲೆಕ್ಟ್ರಿಕ್ ಎಂಬ ತನ್ನದೇ ಕಾರ್ಖಾನೆಯಲ್ಲಿ ಫೋನು ತಯಾರಿಸಿ ತಿಂಗಳ ಬಾಡಿಗೆಗೆ ಕೊಡುತ್ತಿತ್ತು. ಅದಕ್ಕೆ ಹೊರಗಿನ ಯಾವ ಸಾಮಾನನ್ನೂ ಜೋಡಿಸಕೂಡದು ಎಂಬುದು ನಿಯಮ. ಹಶ್-ಎ-ಫೋನ್ ಎಂಬ ಬಟ್ಟಲಿನಂಥ ವಸ್ತುವೊಂದಿತ್ತು. ಆಡಿದ ಮಾತು ಪಕ್ಕದಲ್ಲಿ ಕೂತವರಿಗೆ ಕೇಳಿಸದಿರಲೆಂದು ಅದನ್ನು ಫೋನಿನ ಬಾಯಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ತಂತಿಯಿಲ್ಲದ, ವಿದ್ಯುತ್ತಿಲ್ಲದ ಆ ಬಟ್ಟಲನ್ನೂ ಬೆಲ್ ಬೇಡವೆಂದಿತು. ದೂರಸಂಪರ್ಕ ನಿಯಂತ್ರಕ ಸಂಸ್ಥೆಯಾದ ಎಫ್‌ಸಿಸಿ ಕೂಡ ಕಂಪನಿಯ ಪರವೇ ನಿಂತಿತು. 1956ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಆ ಆದೇಶವನ್ನು ತಳ್ಳಿಹಾಕಿತು. ಬೇರೆಯವರಿಗೆ ತೊಂದರೆಯಾಗದಂತೆ ತನ್ನ ಅನುಕೂಲಕ್ಕೆ ತಕ್ಕ ಹಾಗೆ ಫೋನು ಬಳಸುವ ಹಕ್ಕು ಚಂದಾದಾರನಿಗೆ ಇದೆ ಎಂಬುದು ತೀರ್ಪಿನ ತಿರುಳು.

ಅದಕ್ಕಿಂತ ದೊಡ್ಡ ಪೆಟ್ಟು ಟೆಕ್ಸಸ್‌ನ ಥಾಮಸ್ ಕಾರ್ಟರ್‌ನಿಂದ ಬಿತ್ತು. ಎಣ್ಣೆ ಬಾವಿಗಳ ಬಯಲಿನಲ್ಲಿ ರೇಡಿಯೋ ಹಿಡಿದು ಓಡಾಡುವವರಿಗೆ ಪಟ್ಟಣದ ಫೋನಿನ ಜೊತೆ ಮಾತಾಡಲು ದಾರಿ ಬೇಕಿತ್ತು. ಕಾರ್ಟರ್ ಮಾಡಿದ ಪೆಟ್ಟಿಗೆಯ ಮೇಲೆ ಮಾಮೂಲಿ ಫೋನಿನ ರಿಸೀವರ್ ಮಲಗಿಸಿದರೆ ಸಾಕು, ರೇಡಿಯೋದ ದನಿ ಫೋನಿಗೂ ಫೋನಿನ ದನಿ ರೇಡಿಯೋಗೂ ದಾಟುತ್ತಿತ್ತು. 1959ರಿಂದ 1966ರವರೆಗೆ ಇಂಥ ಸುಮಾರು 3,500 ಪೆಟ್ಟಿಗೆಗಳು ಮಾರಾಟವಾದವು. ಇದನ್ನು ಬಳಸಿದವರ ಸಂಪರ್ಕ ಕಡಿಯುವುದಾಗಿ ಬೆಲ್ ಹೆದರಿಸಿತು. ಕಾರ್ಟರ್ ಕೋರ್ಟಿನ ಮೆಟ್ಟಿಲು ಹತ್ತಿದ. 1968ರ ಜೂನ್‌ನಲ್ಲಿ ಎಫ್‌ಸಿಸಿ ಅವನ ಪರವಾಗಿ ತೀರ್ಮಾನ ಕೊಟ್ಟು, ಜಾಲಕ್ಕೆ ಹಾನಿ ಮಾಡದ ಯಾವ ಸಲಕರಣೆಯನ್ನಾದರೂ ಜೋಡಿಸಬಹುದು ಎಂದಿತು. ಆನ್ಸರಿಂಗ್ ಮಷಿನ್ನು, ಮನೆಮನೆಯ ಫ್ಯಾಕ್ಸು, ಕೊನೆಗೆ ಇಂಟರ್ನೆಟ್ಟನ್ನು ಮನೆಯೊಳಗೆ ತಂದ ಮೋಡೆಮ್ಮು ಎಲ್ಲವೂ ಈ ಬಾಗಿಲಿನಿಂದಲೇ ಒಳಬಂದವು. ಕಾರ್ಟರ್‌ಫೋನ್ ತೀರ್ಮಾನ ಮಾತ್ರ ತಂತಿಯ ಫೋನಿಗೆ ನಿಂತುಬಿಟ್ಟಿತು. ಮೊಬೈಲ್ ಜಾಲಕ್ಕೂ ಅದೇ ತತ್ವ ಅನ್ವಯಿಸಬೇಕೆಂದು ಸ್ಕೈಪ್ ಕಂಪನಿ 2007ರಲ್ಲಿ ಎಫ್‌ಸಿಸಿಗೆ ಅರ್ಜಿ ಹಾಕಿಕೊಂಡಿತಾದರೂ ಅದು ಕೈಗೂಡಲಿಲ್ಲ.

ಭಾರತದಲ್ಲೂ ಕಥೆ ಬೇರೆಯಾಗಿರಲಿಲ್ಲ. ಬೆಲ್‌ನ ಜಾಗದಲ್ಲಿ ಅಂಚೆ ಮತ್ತು ತಂತಿ ಇಲಾಖೆ ಇತ್ತು, ವೆಸ್ಟರ್ನ್ ಎಲೆಕ್ಟ್ರಿಕ್‌ನ ಜಾಗದಲ್ಲಿ 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಇತ್ತು. ಆ ಕಾರ್ಖಾನೆ ಮತ್ತು ಅದರ ಕಾಲೋನಿ ಇರುವ ಜಾಗಕ್ಕೆ ದೂರವಾಣಿನಗರ ಎಂದೇ ಹೆಸರು. ಅಲ್ಲಿಂದ ಹೊರಟ, ಬೆರಳಿಟ್ಟು ತಿರುಗಿಸುವ ಡಯಲಿನ ಭಾರದ ಕಪ್ಪು ಫೋನು ಅರ್ಜಿ ಹಾಕಿ ವರ್ಷಗಟ್ಟಲೆ ಕಾದವರ ಮನೆಯ ಷೋಕೇಸಿನಲ್ಲಿ ಕ್ರೋಶದ ಬಟ್ಟೆ ಹೊದ್ದು ಕೂರುತ್ತಿತ್ತು. ಮರ್ಯಾದೆ ಮನೆಯವರದು, ಫೋನು ಇಲಾಖೆಯದು. ಸಂಪರ್ಕ ಬೇಡವೆಂದರೆ ಲೈನ್‌ಮನ್ ಬಂದು ಅದನ್ನು ಎತ್ತಿಕೊಂಡು ಹೋಗುತ್ತಿದ್ದ.

ಈ ಬಾಡಿಗೆಯ ಸಂಬಂಧವನ್ನು ಮುರಿದದ್ದು ಸಿಮ್ ಕಾರ್ಡು. ಯುರೋಪಿನ ದೇಶಗಳು ಕೂಡಿ ರೂಪಿಸಿದ ಜಿಎಸ್ಎಂ ವ್ಯವಸ್ಥೆಯ ಮೊದಲ ಕರೆ 1991ರ ಜುಲೈ 1ರಂದು ಫಿನ್ಲೆಂಡಿನ ರೇಡಿಯೋಲಿನ್ಯಾ ಜಾಲದಲ್ಲಿ ಹೋಯಿತು. ಅದರ ಸಿಮ್ ಕಾರ್ಡುಗಳನ್ನು ಮಾಡಿಕೊಟ್ಟದ್ದು ಜರ್ಮನಿಯ ಗೀಸೆಕೆ ಅಂಡ್ ಡೆವ್ರಿಯೆಂಟ್ ಕಂಪನಿ. ಜಿಎಸ್ಎಂ ರೂಪಿಸಿದವರ ಯೋಚನೆ ಸರಳ: ಗಿರಾಕಿಯ ನಂಬರು, ಖಾತೆ, ಗುಟ್ಟಿನ ಕೀಲಿ ಎಲ್ಲ ಸಣ್ಣ ಚಿಪ್ಪಿನಲ್ಲಿರಲಿ, ಫೋನು ಬರೀ ಯಂತ್ರವಾಗಿರಲಿ. ಚಿಪ್ಪು ತೆಗೆದು ಇನ್ನೊಂದು ಫೋನಿಗೆ ಹಾಕಿದರೆ ನಂಬರು ಅಲ್ಲಿಗೆ ಹೋಗಬೇಕು. ಬೇರೆ ದೇಶಕ್ಕೆ ಹೋದಾಗ ಅಲ್ಲಿನ ಚಿಪ್ಪು ಇದೇ ಫೋನಿನಲ್ಲಿ ಕೂರಬೇಕು. ಫೋನು ಮತ್ತು ಸಂಪರ್ಕ ಎರಡನ್ನೂ ಬೇರೆ ಮಾಡಲೆಂದೇ ಹುಟ್ಟಿದ ವ್ಯವಸ್ಥೆ ಇದು. ಅದೇ ವ್ಯವಸ್ಥೆಯ ಅಧಿಕೃತ ದಾಖಲೆಗಳಲ್ಲಿ, ಕೆಲವೇ ವರ್ಷಗಳೊಳಗೆ, ಎರಡನ್ನೂ ಮತ್ತೆ ಕಟ್ಟಿಹಾಕುವ ವಿಧಾನವೂ ಸೇರಿಕೊಂಡಿತು. ಫೋನನ್ನು ಇಡೀ ಜಾಲಕ್ಕೆ, ಜಾಲದ ಒಂದು ಭಾಗಕ್ಕೆ, ಸೇವಾ ಕಂಪನಿಗೆ, ಒಂದು ಸಂಸ್ಥೆಯ ನೌಕರರಿಗೆ ಅಥವಾ ಒಂದೇ ಒಂದು ಸಿಮ್ಮಿಗೆ ಕಟ್ಟುವ ಐದು ಬಗೆಯ ಲಾಕ್‌ಗಳನ್ನು ಜಿಎಸ್ಎಂ ನಿಯಮಾವಳಿ ವಿವರಿಸಿತು.

ಬೀಗ ಕೆಲಸ ಮಾಡುವ ಬಗೆ ಹೀಗೆ. ಪ್ರತಿ ಸಿಮ್ಮಿನೊಳಗೆ ಐಎಂಎಸ್ಐ ಎಂಬ ಉದ್ದನೆಯ ಸಂಖ್ಯೆ ಇರುತ್ತದೆ. ಅದರ ಮೊದಲ ಮೂರು ಅಂಕಿ ದೇಶದ್ದು, ಮುಂದಿನ ಎರಡು ಅಥವಾ ಮೂರು ಕಂಪನಿಯದು. 404 ಮತ್ತು 405 ಭಾರತಕ್ಕೆ ಸೇರಿದವು. 404ರ ಪಕ್ಕದಲ್ಲಿ 45 ಇದ್ದರೆ ಅದು ಕರ್ನಾಟಕದ ಏರ್‌ಟೆಲ್. 310ರ ಪಕ್ಕ 410 ಇದ್ದರೆ ಅಮೆರಿಕದ ಎಟಿ ಅಂಡ್ ಟಿ. ಲಾಕ್ ಆದ ಫೋನು ಚಾಲೂ ಆದ ಕೂಡಲೇ ಸಿಮ್ಮಿನಿಂದ ಈ ಅಂಕಿಗಳನ್ನು ಓದಿ, ತನ್ನೊಳಗೆ ಬರೆದಿಟ್ಟ ಅಂಕಿಗಳ ಜೊತೆ ತಾಳೆ ನೋಡುತ್ತದೆ. ತಾಳೆಯಾಗದಿದ್ದರೆ ಒಂದು ಕೋಡ್ ಕೇಳುತ್ತದೆ. ಆ ಕೋಡ್ ಇರುವುದು ಕಂಪನಿಯ ಬಳಿ. ತಪ್ಪು ಕೋಡನ್ನು ಕೆಲವು ಸಲ ಒತ್ತಿದರೆ ಕೋಡ್ ಹಾಕುವ ದಾರಿಯೇ ಮುಚ್ಚಿಹೋಗುತ್ತದೆ; ಹಳೆಯ ನೋಕಿಯಾ ಸೆಟ್ಟುಗಳಲ್ಲಿ ಐದೇ ಅವಕಾಶ. ಇಷ್ಟು ದೊಡ್ಡ ಜಗಳದ ಬೇರು ಐದಾರು ಅಂಕಿಗಳ ತಾಳೆಯಲ್ಲಿದೆ.

ಕಂಪನಿಗಳ ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ಬ್ರಿಟನ್, ಅಮೆರಿಕ, ಜಪಾನ್ ಮುಂತಾದ ಕಡೆ ಫೋನಿನ ಬೆಲೆಯ ದೊಡ್ಡ ಪಾಲನ್ನು ಸೇವಾ ಕಂಪನಿಯೇ ಕೈಯಿಂದ ಹಾಕಿ, ಗಿರಾಕಿಗೆ ಅಗ್ಗಕ್ಕೆ ಇಲ್ಲವೇ ಬಿಟ್ಟಿಯಾಗಿ ಕೊಡುತ್ತಿತ್ತು. ಹಾಕಿದ್ದನ್ನು ಎರಡು ವರ್ಷದ ಬಿಲ್ಲುಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ವಸೂಲು ಮಾಡಿಕೊಳ್ಳುತ್ತಿತ್ತು. ಗಿರಾಕಿ ಫೋನು ತೆಗೆದುಕೊಂಡು ಮರುದಿನವೇ ಎದುರು ಕಂಪನಿಗೆ ಹೋದರೆ ಹಾಕಿದ ದುಡ್ಡು ಮುಳುಗಿದ ಹಾಗೆ. ಪ್ರೀಪೇಯ್ಡ್ ಫೋನುಗಳಲ್ಲಿ ಅಪಾಯ ಇನ್ನೂ ಹೆಚ್ಚು. ಅಮೆರಿಕದ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತಿದ್ದ ಟ್ರ್ಯಾಕ್‌ಫೋನ್ ಸೆಟ್ಟುಗಳನ್ನು ಡಜನ್‌ಗಟ್ಟಲೆ ಕೊಂಡು, ಬೀಗ ತೆಗೆಸಿ ಹೊರದೇಶಗಳಿಗೆ ಮಾರುವ ದಂಧೆಯೇ ಬೆಳೆದಿತ್ತು. ಅಂಥವರ ಮೇಲೆ ಆ ಕಂಪನಿ ಸಾಲುಸಾಲಾಗಿ ಮೊಕದ್ದಮೆ ಹೂಡಿತು. ಆದರೆ ಒಪ್ಪಂದ ಮುರಿದವನಿಂದ ದಂಡ ಕಟ್ಟಿಸಿಕೊಳ್ಳುವ ಕರಾರು ಹೇಗೂ ಇತ್ತು. ದಂಡವೂ ಇರಲಿ ಬೀಗವೂ ಇರಲಿ ಎಂಬುದು, ಎರಡು ವರ್ಷ ಮುಗಿದ ಮೇಲೂ ಕೇಳಿದ ಹೊರತು ಬೀಗ ತೆಗೆಯದೆ ಇರುವುದು, ತೆಗೆಯಲು ಮತ್ತೆ ಶುಲ್ಕ ಕೇಳುವುದು ಇವಕ್ಕೆ ಸಬ್ಸಿಡಿಯ ಲೆಕ್ಕ ಸಮಜಾಯಿಷಿ ಕೊಡುವುದಿಲ್ಲ. ಅಂಥ ಕಡೆ ಬೀಗದ ಕೆಲಸ ಗಿರಾಕಿ ಬೇರೆಡೆ ಹೋಗದಂತೆ ನೋಡಿಕೊಳ್ಳುವುದೇ ಆಗಿತ್ತು.

ಬೀಗ ಇದ್ದಲ್ಲಿ ಕಳ್ಳಕೀಲಿಯೂ ಬಂತು. ನೋಕಿಯಾದ ಹಳೆಯ ಸೆಟ್ಟುಗಳಲ್ಲಿ ಬೀಗದ ಕೋಡನ್ನು ಫೋನಿನ 15 ಅಂಕಿಗಳ ಐಎಂಇಐ ಸಂಖ್ಯೆಯಿಂದ ಲೆಕ್ಕ ಹಾಕಿ ತೆಗೆಯಬಹುದಿತ್ತು. ಆ ಲೆಕ್ಕದ ಗುಟ್ಟು ಹೊರಬಿದ್ದ ಮೇಲೆ ಯಾರು ಬೇಕಾದರೂ *#06# ಒತ್ತಿ, ಬಂದ ಸಂಖ್ಯೆಯನ್ನು ಪುಟ್ಟದೊಂದು ಪ್ರೋಗ್ರಾಮಿಗೆ ಕೊಟ್ಟು ಕೋಡ್ ಪಡೆಯಬಹುದಾಯಿತು. ಬೇರೆ ಫೋನುಗಳಿಗೆ ‘ಬಾಕ್ಸ್’ ಬೇಕಿತ್ತು: ಒಂದು ಕಡೆ ಕಂಪ್ಯೂಟರಿಗೆ, ಇನ್ನೊಂದು ಕಡೆ ಫೋನಿಗೆ ಸಿಕ್ಕಿಸುವ ಅಂಗೈಯಗಲದ ಡಬ್ಬಿ. ಬೆಂಗಳೂರಿನ ಮೆಜೆಸ್ಟಿಕ್ ಹತ್ತಿರದ ನ್ಯಾಷನಲ್ ಮಾರ್ಕೆಟ್ಟಿನ, ಎಸ್.ಪಿ. ರಸ್ತೆಯ ರಿಪೇರಿ ಅಂಗಡಿಗಳಿಗೂ ಹೊರದೇಶದಿಂದ ಬಂದ ಲಾಕ್ ಸೆಟ್ಟುಗಳು ಬರುತ್ತಿದ್ದವು. ಐಫೋನ್ ಬಂದ ಮೇಲೆ ಇನ್ನೊಂದು ಉಪಾಯ ಹುಟ್ಟಿತು. ಉಗುರಿನಷ್ಟು ತೆಳ್ಳಗಿನ ಚಿಪ್ಪೊಂದನ್ನು ಸಿಮ್ಮಿಗೆ ಅಂಟಿಸಿ ಟ್ರೇಯಲ್ಲಿ ಕೂರಿಸಿದರೆ ಅದು ಫೋನಿಗೂ ಸಿಮ್ಮಿಗೂ ನಡುವೆ ನಿಂತು ಸುಳ್ಳು ಹೇಳುತ್ತದೆ. ಫೋನು ಅಂಕಿ ಕೇಳಿದಾಗ ಬೀಗಕ್ಕೆ ಹೊಂದುವ ಕಂಪನಿಯ ಅಂಕಿ ಕೊಡುತ್ತದೆ, ಜಾಲದ ಜೊತೆ ಮಾತಾಡುವಾಗ ನಿಜವಾದ ಅಂಕಿ ಕೊಡುತ್ತದೆ. ಫೋನಿನ ಸಾಫ್ಟ್‌ವೇರ್ ಅಪ್‌ಡೇಟ್ ಆದ ದಿನ ಈ ನಾಟಕ ಮುಗಿದು ಮತ್ತೆ ಅಂಗಡಿಗೆ ಓಡಬೇಕಾಗಬಹುದಿತ್ತು.

ಹೀಗೆ ಬೀಗ ತೆಗೆಯುವುದು ಅಪರಾಧವೇ? ಅಮೆರಿಕದಲ್ಲಿ ಇದಕ್ಕೆ ಉತ್ತರ ದೂರಸಂಪರ್ಕ ಕಾನೂನಿನಿಂದ ಬರಲಿಲ್ಲ, ಕೃತಿಸ್ವಾಮ್ಯದ ಕಾನೂನಿನಿಂದ ಬಂತು. ಸಿನಿಮಾ, ಸಂಗೀತಗಳ ನಕಲು ತಡೆಯಲೆಂದು 1998ರಲ್ಲಿ ಮಾಡಿದ ಡಿಜಿಟಲ್ ಮಿಲೇನಿಯಂ ಕಾಪಿರೈಟ್ ಕಾಯ್ದೆ, ಅಂದರೆ ಡಿಎಂಸಿಎ, ಕೃತಿಗಳಿಗೆ ಹಾಕಿದ ಡಿಜಿಟಲ್ ಬೀಗ ಒಡೆಯುವುದನ್ನೇ ಅಪರಾಧ ಮಾಡಿತು. ಫೋನಿನೊಳಗಿನ ಸಾಫ್ಟ್‌ವೇರ್ ಕೂಡ ಒಂದು ಕೃತಿ ತಾನೇ ಎಂದು ಕಂಪನಿಗಳು ಅದನ್ನೇ ಹಿಡಿದುಕೊಂಡವು. ಲಾಭಕ್ಕಾಗಿ ಬೀಗ ಒಡೆದವರಿಗೆ ಮೊದಲ ತಪ್ಪಿಗೇ ಐದು ಲಕ್ಷ ಡಾಲರ್ ದಂಡ, ಐದು ವರ್ಷ ಸೆರೆವಾಸದವರೆಗೆ ಅವಕಾಶವಿತ್ತು. ಕಾಯ್ದೆಯಲ್ಲಿ ಒಂದು ಕಿಟಕಿ ಇತ್ತು: ಮೂರು ವರ್ಷಕ್ಕೊಮ್ಮೆ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಮುಖ್ಯಸ್ಥರು ಅರ್ಜಿಗಳನ್ನು ವಿಚಾರಿಸಿ ವಿನಾಯಿತಿ ಕೊಡಬಹುದು. ಕೋಟ್ಯಂತರ ಜನರ ಜೇಬಿನ ಫೋನಿನ ಬೀಗ ತೆಗೆಯಬಹುದೋ ಬಾರದೋ ಎಂಬುದನ್ನು ತೀರ್ಮಾನಿಸುವ ಹೊಣೆ ಹೀಗೆ ದೇಶದ ಗ್ರಂಥಪಾಲಕರ ಹೆಗಲೇರಿತು.

ಆ ಕಿಟಕಿ ತಟ್ಟಿದವರ ಹಿಂದೆ ಒಬ್ಬ ವಿದ್ಯಾರ್ಥಿಯ ಕಥೆಯಿದೆ. ಕ್ಯಾಲಿಫೋರ್ನಿಯಾದಿಂದ ಓದಲೆಂದು ಇಂಗ್ಲೆಂಡಿಗೆ ಹೋದ ಸೀನಾ ಖಾನಿಫರ್ ಅವರ ಫೋನು ಅಲ್ಲಿನ ಸಿಮ್ಮಿಗೆ ಓಗೊಡಲಿಲ್ಲ. ಅದರ ಬೀಗ ತೆಗೆಯುವುದನ್ನು ಕಲಿತು, ಮೊಟೊರೋಲಾ ಫೋನುಗಳ ಬೀಗ ತೆಗೆಯುವ ಸಾಫ್ಟ್‌ವೇರನ್ನು ಬೇರೆಯವರಿಗೂ ಮಾರತೊಡಗಿದರು. ಡಿಎಂಸಿಎ ಹೆಸರು ಹೇಳಿ ಮೊಟೊರೋಲಾದಿಂದ ನೋಟಿಸು ಬಂತು. ಅವರ ನೆರವಿಗೆ ಬಂದ ವಕೀಲೆ ಜೆನಿಫರ್ ಗ್ರಾನಿಕ್ ಮುಂದೆ ವಿನಾಯಿತಿಗಾಗಿಯೂ ವಾದಿಸಿದರು. 2006ರ ನವೆಂಬರ್‌ನಲ್ಲಿ, ಕಾನೂನುಬದ್ಧವಾಗಿ ಬೇರೆ ಜಾಲಕ್ಕೆ ಸೇರುವ ಉದ್ದೇಶಕ್ಕೆ ಫೋನಿನ ಬೀಗ ತೆಗೆಯುವುದು ಅಪರಾಧವಲ್ಲ ಎಂಬ ವಿನಾಯಿತಿ ಮೊದಲ ಸಲ ಸಿಕ್ಕಿತು. 2010ರಲ್ಲಿ ಅದು ಮುಂದುವರಿಯಿತು.

ಇಷ್ಟರಲ್ಲಿ 2007ರ ಜೂನ್ 29ರಂದು ಐಫೋನ್ ಬಂತು, ಅಮೆರಿಕದಲ್ಲಿ ಎಟಿ ಅಂಡ್ ಟಿಗೆ ಮಾತ್ರ ಕಟ್ಟಿದ ಫೋನಾಗಿ. ಅಲ್ಲಿಯವರೆಗೆ ಅಂಗಡಿಯವರ, ಹವ್ಯಾಸಿಗಳ ಮಾತಾಗಿದ್ದ ಬೀಗ ಈಗ ಪತ್ರಿಕೆಗಳ ಮುಖಪುಟಕ್ಕೆ ಏರಿತು. ಎರಡೇ ತಿಂಗಳಲ್ಲಿ ನ್ಯೂಜೆರ್ಸಿಯ 17 ವರ್ಷದ ಹುಡುಗ ಜಾರ್ಜ್ ಹಾಟ್ಜ್ ಫೋನು ಬಿಚ್ಚಿ, ಬೆಸುಗೆ ಕಡ್ಡಿ ಹಿಡಿದು ಅದರ ಬೀಗ ಮುರಿದ. ಹಾಗೆ ಬಿಡಿಸಿದ ಒಂದು ಫೋನಿಗೆ ಬದಲಾಗಿ ಕೆಂಟಕಿಯ ಫೋನ್ ವ್ಯಾಪಾರಿಯೊಬ್ಬರಿಂದ ಅವನಿಗೆ ನಿಸ್ಸಾನ್ ಕಾರು ಮತ್ತು ಮೂರು ಹೊಸ ಐಫೋನ್ ಸಿಕ್ಕವು. ಸೆಪ್ಟೆಂಬರಿನಲ್ಲಿ ಆಪಲ್ ಹೊರಬಿಟ್ಟ ಅಪ್‌ಡೇಟ್ ಹಾಕಿಕೊಂಡ ಮೇಲೆ, ಬೀಗ ಮುರಿದಿದ್ದ ಎಷ್ಟೋ ಫೋನುಗಳು ಇಟ್ಟಿಗೆಯ ಹಾಗೆ ನಿಶ್ಚೇಷ್ಟವಾದವು.

ಯುರೋಪಿನಲ್ಲಿ ಅದೇ ಫೋನು ಅಲ್ಲಲ್ಲಿನ ಕಾನೂನುಗಳ ಪರೀಕ್ಷೆಗೆ ಕೂತಿತು. ಜರ್ಮನಿಯಲ್ಲಿ ಟಿ-ಮೊಬೈಲ್ ಅದನ್ನು ಎರಡು ವರ್ಷದ ಒಪ್ಪಂದದ ಜೊತೆ 399 ಯೂರೋಗೆ ಮಾರುತ್ತಿತ್ತು. ಎದುರಾಳಿ ವೋಡಾಫೋನ್ ಹ್ಯಾಂಬರ್ಗಿನ ಕೋರ್ಟಿನಿಂದ ತಡೆಯಾಜ್ಞೆ ತಂದಿತು. 2007ರ ನವೆಂಬರ್‌ನಲ್ಲಿ ಟಿ-ಮೊಬೈಲ್ ಒಪ್ಪಂದವೂ ಬೀಗವೂ ಇಲ್ಲದ ಐಫೋನನ್ನು 999 ಯೂರೋಗೆ ಮಾರಲೇಬೇಕಾಯಿತು. ಡಿಸೆಂಬರ್ 4ರಂದು ತಡೆಯಾಜ್ಞೆ ತೆರವಾದ ಕೂಡಲೇ ಆ ಮಾರಾಟ ನಿಂತಿತು. ಬೀಗಕ್ಕೆ ಬೆಲೆ ಎಷ್ಟು ಎಂಬುದನ್ನು ಕಂಪನಿಯೇ ಅಂಗಡಿಯ ಚೀಟಿಯಲ್ಲಿ ಬರೆದು ತೋರಿಸಿದ ಹಾಗಾಗಿತ್ತು ಅದು: 600 ಯೂರೋ. ಫ್ರಾನ್ಸಿನ ನಿಯಮದಲ್ಲಿ ಆರು ತಿಂಗಳು ಕಳೆದ ಮೇಲೆ ಕಂಪನಿ ಬಿಟ್ಟಿಯಾಗಿ ಬೀಗ ತೆಗೆಯಬೇಕಿತ್ತು. ಹಾಗಾಗಿ ಅಲ್ಲಿ ಒರಾಂಜ್ ಮೊದಲಿನಿಂದಲೇ ಬೀಗವಿಲ್ಲದ ಐಫೋನನ್ನೂ ಹೆಚ್ಚಿನ ಬೆಲೆಗೆ ಮಾರಿತು. ಒಂದರ ಜೊತೆ ಇನ್ನೊಂದನ್ನು ಕಟ್ಟಿ ಮಾರುವುದನ್ನು ಬೆಲ್ಜಿಯಂ ಆಗ ನಿಷೇಧಿಸಿತ್ತು. 2008ರಲ್ಲಿ ಐಫೋನ್ 3ಜಿ ಅಲ್ಲಿ ಬೀಗವಿಲ್ಲದೆ 525 ಯೂರೋಗೆ ಬಂತು, ಅಮೆರಿಕದಲ್ಲಿ ಅದೇ ಫೋನಿಗೆ ಒಪ್ಪಂದದ ಜೊತೆ 199 ಡಾಲರ್. ನೋಕಿಯಾದ ತವರಾದ ಫಿನ್ಲೆಂಡಿನ ದಾರಿ ಇದಕ್ಕೆ ತಿರುವುಮುರುವು. ಫೋನನ್ನೂ ಸಂಪರ್ಕವನ್ನೂ ಸೇರಿಸಿ ಮಾರುವುದು ಅಲ್ಲಿ ಮೊದಲು ನಿಷಿದ್ಧವಾಗಿತ್ತು. ಜನ ಹಳೆಯ ಸೆಟ್ಟುಗಳನ್ನೇ ಹಿಡಿದು ಕೂತು 3ಜಿ ಹಬ್ಬದೆ ಹೋದದ್ದನ್ನು ನೋಡಿ ಸರ್ಕಾರವೇ 2006ರಲ್ಲಿ 3ಜಿ ಫೋನುಗಳ ಮಟ್ಟಿಗೆ ನಿಷೇಧ ಸಡಿಲಿಸಿತು. ಬೀಗವಿಲ್ಲದ ಪೇಟೆಯಲ್ಲಿ ಹೊಸ ಫೋನು ದುಬಾರಿ ಎಂಬ ಕಂಪನಿಗಳ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಅಮೆರಿಕದ ಕಂಪನಿಗಳೆಲ್ಲ ಒಂದೇ ರೀತಿ ಬೀಗ ಹಾಕುತ್ತಿರಲಿಲ್ಲ. ವೆರಿಜಾನ್, ಸ್ಪ್ರಿಂಟ್ ಕಂಪನಿಗಳ ಸಿಡಿಎಂಎ ಫೋನುಗಳಲ್ಲಿ ಬಹುಕಾಲ ಸಿಮ್ಮೇ ಇರಲಿಲ್ಲ. ನಂಬರನ್ನು ಫೋನಿನೊಳಗೇ ಬರೆಯುತ್ತಿದ್ದರು. ಫೋನಿನ ಕ್ರಮಸಂಖ್ಯೆ ಕಂಪನಿಯ ಪಟ್ಟಿಯಲ್ಲಿ ಇದ್ದರೆ ಸಂಪರ್ಕ, ಇಲ್ಲದಿದ್ದರೆ ಇಲ್ಲ. ವಿಚಿತ್ರವೆಂದರೆ ಮುಂದೆ ಬೀಗ ತೆರೆದಿಡುವ ಕಟ್ಟುಪಾಡು ಮೊದಲು ಬಿದ್ದದ್ದು ವೆರಿಜಾನ್ ಮೇಲೆಯೇ. 2008ರ 700 ಮೆಗಾಹರ್ಟ್ಸ್ ತರಂಗಗಳ ಹರಾಜಿನಲ್ಲಿ ‘ಸಿ’ ಬ್ಲಾಕ್ ಗೆದ್ದವರು ಫೋನಿಗೆ ಬೀಗ ಹಾಕಕೂಡದು ಎಂಬ ಷರತ್ತು, ಗೂಗಲ್ ಒತ್ತಡದಿಂದಲೂ, ಸೇರಿತ್ತು. ಗೆದ್ದದ್ದು ವೆರಿಜಾನ್. ಕಳ್ಳತನ, ಮೋಸ ತಡೆಯಬೇಕೆಂದು ಅದು ಕೇಳಿಕೊಂಡ ಮೇಲೆ 2019ರಲ್ಲಿ 60 ದಿನಗಳ ಬೀಗಕ್ಕೆ ಎಫ್‌ಸಿಸಿ ಒಪ್ಪಿತು.

ಡಿಎಂಸಿಎ ವಿನಾಯಿತಿಯ ಮಾತಿಗೆ ಮರಳಿದರೆ, 2012ರ ಅಕ್ಟೋಬರಿನಲ್ಲಿ ಗ್ರಂಥಪಾಲಕ ಜೇಮ್ಸ್ ಬಿಲ್ಲಿಂಗ್ಟನ್ ಅವರ ಆದೇಶ ಹೊರಬಿತ್ತು: 2013ರ ಜನವರಿ 26ರ ನಂತರ ಕೊಂಡ ಫೋನುಗಳಿಗೆ ವಿನಾಯಿತಿ ಇಲ್ಲ. ಕಾರಣಗಳಲ್ಲಿ ಒಂದು, ಬೀಗವಿಲ್ಲದ ಫೋನುಗಳು ಈಗ ಪೇಟೆಯಲ್ಲಿ ಸಿಗುತ್ತವೆ ಎಂಬುದು. ಇನ್ನೊಂದು ಕುತೂಹಲದ್ದು. ಫೋನು ಕೊಂಡವನದೇ ಆದರೂ ಅದರೊಳಗಿನ ಸಾಫ್ಟ್‌ವೇರಿನ ಪ್ರತಿಗೂ ಅವನೇ ಒಡೆಯನೋ, ಬರೀ ಬಳಸಲು ಪರವಾನಗಿ ಪಡೆದವನೋ ಎಂಬುದು ಕಾನೂನಿನಲ್ಲಿ ಇತ್ಯರ್ಥವಾಗಿಲ್ಲ ಎಂದಿತು ಆದೇಶ. ಒಂದೇ ವಸ್ತುವಿನ ಗಾಜೂ ಲೋಹವೂ ಒಬ್ಬನವು, ಅದರ ಜೀವ ಇನ್ನೊಬ್ಬನದು.

ಖಾನಿಫರ್ ಮತ್ತೆ ಕಣಕ್ಕಿಳಿದರು. ಶ್ವೇತಭವನದ ಮನವಿ ವ್ಯವಸ್ಥೆಯಲ್ಲಿ ಅವರು ಹಾಕಿದ ಅರ್ಜಿಗೆ 1,14,322 ಸಹಿ ಬಿದ್ದವು. ಉತ್ತರ ಪಡೆಯಲು ಬೇಕಿದ್ದದ್ದು 30 ದಿನಗಳಲ್ಲಿ ಒಂದು ಲಕ್ಷ. 2013ರ ಮಾರ್ಚ್ 4ರಂದು ಒಬಾಮಾ ಆಡಳಿತ ಅರ್ಜಿದಾರರ ಮಾತನ್ನು ಒಪ್ಪಿ, ಫೋನಿಗಷ್ಟೇ ಅಲ್ಲ, ಟ್ಯಾಬ್ಲೆಟ್ಟಿಗೂ ಇದು ಅನ್ವಯಿಸಬೇಕೆಂದು ಹೇಳಿತು. ಸಂಸತ್ತಿನಲ್ಲಿ ದಾರಿ ಅಷ್ಟು ನಯವಾಗಿರಲಿಲ್ಲ. ಸಗಟಾಗಿ ಬೀಗ ತೆಗೆದು ಮಾರುವವರಿಗೆ ರಕ್ಷಣೆ ಇಲ್ಲ ಎಂಬ ಸಾಲೊಂದು ಕೆಳಮನೆಯ ಮಸೂದೆಯೊಳಗೆ ನುಸುಳಿತು. ಮೊದಲಿನಿಂದ ಬೆಂಬಲಿಸಿದ ಗುಂಪುಗಳೇ ಇದರಿಂದ ಹಿಂದೆ ಸರಿದವು. ಕೊನೆಗೆ ಆ ಸಾಲಿಲ್ಲದ ಸೆನೆಟ್ ಮಸೂದೆ ಎರಡೂ ಮನೆ ದಾಟಿ, 2014ರ ಆಗಸ್ಟ್ 1ರಂದು ಒಬಾಮಾ ಸಹಿಯೊಂದಿಗೆ ಕಾಯ್ದೆಯಾಯಿತು. 2010ರ ವಿನಾಯಿತಿಯನ್ನು ಅದು ಮರಳಿ ತಂದಿತು. ಮಾಲೀಕನ ಪರವಾಗಿ ಅಂಗಡಿಯವನೂ ಬೀಗ ತೆಗೆಯಬಹುದು ಎಂದಿತು. ಆದರೆ ಬೀಗ ತೆಗೆದುಕೊಡಲೇಬೇಕೆಂದು ಕಂಪನಿಗೆ ಹೇಳಲಿಲ್ಲ. ಬೀಗ ಒಡೆದರೆ ಜೈಲಿಲ್ಲ ಎಂಬಷ್ಟು ಹಕ್ಕು ಜನರಿಗೆ ದಕ್ಕಿತು. ಕೀಲಿ ಕೇಳಿ ಪಡೆಯುವ ಹಕ್ಕು ದಕ್ಕಲಿಲ್ಲ. ಆ ಕೊರತೆಯನ್ನು ತುಂಬಿದ್ದು ಕಂಪನಿಗಳ ಸಂಘ ಎಫ್‌ಸಿಸಿ ಒತ್ತಾಯಕ್ಕೆ 2013ರ ಡಿಸೆಂಬರಿನಲ್ಲಿ ಒಪ್ಪಿಕೊಂಡ ಆರು ನಿಯಮಗಳು: ಒಪ್ಪಂದ ತೀರಿದವರಿಗೆ, ಪ್ರೀಪೇಯ್ಡ್ ಆದರೆ ಒಂದು ವರ್ಷದೊಳಗೆ, ಕೇಳಿದ ಮೇಲೆ ಬೀಗ ತೆಗೆಯುವುದು, ಅರ್ಜಿಗೆ ಎರಡು ಕೆಲಸದ ದಿನಗಳಲ್ಲಿ ಉತ್ತರಿಸುವುದು, ಇತ್ಯಾದಿ. ಇವು ಕಂಪನಿಗಳು ತಾವಾಗಿ ಒಪ್ಪಿದವು, ಕಾನೂನಿನ ಕಟ್ಟಳೆಯಲ್ಲ.

ಇಷ್ಟರಲ್ಲಿ ಬೀಗದ ಸ್ವರೂಪವೇ ಬದಲಾಗಿತ್ತು. ಹೊಸ ಐಫೋನುಗಳಲ್ಲಿ ಯಾವ ಫೋನಿಗೆ ಬೀಗವಿದೆ ಎಂಬ ಲೆಕ್ಕ ಆಪಲ್ ಕಂಪನಿಯ ಸರ್ವರಿಗೆ ಹೋಯಿತು. ಬೀಗ ತೆಗೆಯುವುದೆಂದರೆ ಸೇವಾ ಕಂಪನಿಯವರು ಆ ಪಟ್ಟಿಯಲ್ಲಿ ಒಂದು ಐಎಂಇಐ ಮುಂದೆ ಗುರುತು ಹಾಕುವುದು. ಬೆಸುಗೆ ಕಡ್ಡಿಯವರ ಆಟ ಇಲ್ಲಿ ನಡೆಯದು. ಪಟ್ಟಿ ಮುಟ್ಟಬಲ್ಲ ನೌಕರನ ಕೈ ಬೇಕು. ವಾಷಿಂಗ್ಟನ್ ರಾಜ್ಯದ ಎಟಿ ಅಂಡ್ ಟಿ ಕಾಲ್ ಸೆಂಟರಿನ ನೌಕರರಿಗೆ ಲಂಚ ಕೊಟ್ಟು, ಸುಮಾರು 19 ಲಕ್ಷ ಫೋನುಗಳ ಬೀಗ ತೆಗೆಸಿದ ಪಾಕಿಸ್ತಾನ ಮೂಲದವನೊಬ್ಬನಿಗೆ ಅಮೆರಿಕದ ಕೋರ್ಟು 2021ರಲ್ಲಿ 12 ವರ್ಷ ಶಿಕ್ಷೆ ಕೊಟ್ಟಿತು. ಕಂಪನಿಗೆ ಆದ ನಷ್ಟ 20 ಕೋಟಿ ಡಾಲರಿಗೂ ಹೆಚ್ಚು ಎಂದು ಲೆಕ್ಕ ಹಾಕಿದರು.

ಬೀಗವನ್ನೇ ಇಲ್ಲವಾಗಿಸಿದ ದೇಶಗಳಲ್ಲಿ ಕೆನಡಾದ ಉದಾಹರಣೆ ಸ್ಪಷ್ಟವಾದದ್ದು. ಅಲ್ಲಿನ ನಿಯಂತ್ರಕ ಸಂಸ್ಥೆ 2013ರ ಡಿಸೆಂಬರಿನಿಂದ, ಪೂರ್ತಿ ಬೆಲೆ ಕೊಟ್ಟ ಫೋನಿನ ಬೀಗವನ್ನು ತಕ್ಷಣವೂ ಸಬ್ಸಿಡಿ ಫೋನಿನದನ್ನು 90 ದಿನಗಳ ಮೇಲೂ ಕೇಳಿದರೆ ತೆಗೆಯಬೇಕೆಂದು ವಿಧಿಸಿತು. ಶುಲ್ಕಕ್ಕೆ ಮಾತ್ರ ತಡೆ ಹಾಕಲಿಲ್ಲ. ಒಂದು ಫೋನಿಗೆ 50 ಡಾಲರಿನ ಹಾಗೆ ಕೇಳುತ್ತ, 2016ರಲ್ಲಿ ಕಂಪನಿಗಳು ಈ ಶುಲ್ಕದಿಂದಲೇ 3.77 ಕೋಟಿ ಕೆನಡಿಯನ್ ಡಾಲರ್ ಗಳಿಸಿದವು. ಈ ಅಂಕಿ ಹೊರಬಿದ್ದ ಮೇಲೆ ಸಬ್ಸಿಡಿಯ ವಾದ ನಿಲ್ಲುವುದು ಕಷ್ಟವಾಯಿತು. 2017ರ ಡಿಸೆಂಬರ್ 1ರಿಂದ ಹೊಸ ಫೋನುಗಳನ್ನು ಬೀಗವಿಲ್ಲದೆಯೇ ಮಾರಬೇಕು, ಹಳೆಯವುಗಳ ಬೀಗ ಬಿಟ್ಟಿಯಾಗಿ ತೆಗೆಯಬೇಕು ಎಂದಾಯಿತು. ಜಪಾನ್ 2015ರಲ್ಲಿ ಕೇಳಿದವರಿಗೆ ಬೀಗ ತೆಗೆಯುವುದನ್ನು ಕಡ್ಡಾಯ ಮಾಡಿ, 2021ರ ಅಕ್ಟೋಬರಿನಿಂದ ಬೀಗವನ್ನೇ ಬಹುಮಟ್ಟಿಗೆ ನಿಷೇಧಿಸಿತು. ಬ್ರಿಟನ್ನಿನ ನಿಷೇಧ ಅದೇ ವರ್ಷದ ಡಿಸೆಂಬರಿನದು. ಬೀಗ ತೆಗೆಸಲು ಹೊರಟವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಏನಾದರೊಂದು ತೊಡಕಿಗೆ ಸಿಕ್ಕಿಬೀಳುತ್ತಾರೆ ಎಂಬುದು ಅಲ್ಲಿನ ನಿಯಂತ್ರಕ ಸಂಸ್ಥೆ ಆಫ್‌ಕಾಮ್ ಕಂಡುಕೊಂಡ ಸಂಗತಿ.

ಭಾರತದಲ್ಲಿ 1995ರ ಜುಲೈ 31ರಂದು ಮೊದಲ ಮೊಬೈಲ್ ಕರೆ ಹೋದಂದಿನಿಂದ ಜಿಎಸ್ಎಂ ಪೇಟೆ ಬಹುಪಾಲು ಬೀಗವಿಲ್ಲದೆಯೇ ಬೆಳೆಯಿತು. ಇದರಲ್ಲಿ ಕಾನೂನಿನ ಹೆಚ್ಚುಗಾರಿಕೆ ಏನಿಲ್ಲ. ಕಂಪನಿಗಳು ಸಬ್ಸಿಡಿ ಕೊಡಲಿಲ್ಲ, ಜನ ಪ್ರೀಪೇಯ್ಡ್ ಬಿಟ್ಟು ಕದಲಲಿಲ್ಲ, ಸೆಟ್ಟನ್ನು ಅಂಗಡಿಯಲ್ಲಿ ಪೂರ್ತಿ ದುಡ್ಡು ಎಣಿಸಿ ಕೊಂಡರು. ಎರಡು ಸಿಮ್ ಹಾಕುವ ಫೋನು ಇಲ್ಲಿನ ಜನರಿಗೆ ಅಷ್ಟು ಒಗ್ಗಿದ್ದು ಈ ಪೇಟೆಯ ಗುಣದಿಂದಲೇ. ಗಿರಾಕಿಯನ್ನು ಕಟ್ಟಿಹಾಕುತ್ತಿದ್ದ ಹಗ್ಗ ಸೆಟ್ಟಿನಲ್ಲಿರಲಿಲ್ಲ, ನಂಬರಿನಲ್ಲಿತ್ತು. ಕಂಪನಿ ಬಿಟ್ಟರೆ ನಂಬರೂ ಹೋಗುತ್ತಿತ್ತು. ಆ ಗಂಟು ಬಿಚ್ಚಿದ್ದು ನಂಬರ್ ಪೋರ್ಟಬಿಲಿಟಿ, 2010ರ ನವೆಂಬರಿನಲ್ಲಿ ಹರಿಯಾಣದಲ್ಲಿ, 2011ರ ಜನವರಿ 20ರಿಂದ ದೇಶದಾದ್ಯಂತ.

ಅಗ್ಗದ ಸೆಟ್ಟು ಬಂದಾಗಲೆಲ್ಲ ಮಾತ್ರ ಇಲ್ಲೂ ಬೀಗ ಜೊತೆಗೇ ಬಂತು. 2003ರ ಮಳೆಗಾಲದಲ್ಲಿ ರಿಲಯನ್ಸ್ ಇನ್ಫೋಕಾಂ 501 ರೂಪಾಯಿ ಕೈಗೆ ಕೊಟ್ಟರೆ ಫೋನು ಎಂದು ‘ಮಾನ್ಸೂನ್ ಹಂಗಾಮಾ’ ಯೋಜನೆ ತಂದಿತು. ಹಣ್ಣಿನ ಗಾಡಿಯವರು, ಆಟೋದವರು ಮೊದಲ ಸಲ ಮೊಬೈಲ್ ಹಿಡಿದದ್ದು ಆಗ. ಸಿಡಿಎಂಎ ಸೆಟ್ಟುಗಳಾದ್ದರಿಂದ ತೆಗೆದು ಬೇರೆ ಹಾಕಲು ಸಿಮ್ಮೇ ಇರಲಿಲ್ಲ. ರಿಲಯನ್ಸ್ ಬಿಟ್ಟರೆ ಅದು ಬರೀ ಆಟಿಕೆ. ಐದು ವರ್ಷದ ಮೇಲೆ ಅಗ್ಗವೂ ಇಲ್ಲದ ಬೀಗ ಬಂತು. 2008ರ ಆಗಸ್ಟ್ 22ರಂದು ಏರ್‌ಟೆಲ್ ಮತ್ತು ವೋಡಾಫೋನ್ ತಂದ 8 ಜಿಬಿ ಐಫೋನ್ 3ಜಿಯ ಬೆಲೆ 31,000 ರೂಪಾಯಿ. ಅಮೆರಿಕದ 199 ಡಾಲರ್ ಆಗಿನ ಲೆಕ್ಕದಲ್ಲಿ ಒಂಬತ್ತು ಸಾವಿರಕ್ಕೂ ಕಡಿಮೆ. ಆದರೂ ಆ ಫೋನು ಕೊಂಡ ಕಂಪನಿಯ ಸಿಮ್ಮಿಗೆ ಬಿಗಿದಿತ್ತು. ಪೂರ್ತಿ ಬೆಲೆಯನ್ನೂ ತೆತ್ತು ಬೀಗವನ್ನೂ ಹೊರುವುದಕ್ಕೆ ಇಲ್ಲಿನ ಗಿರಾಕಿ ಹೆಚ್ಚು ಉತ್ಸಾಹ ತೋರಲಿಲ್ಲ.

2017ರ ಜುಲೈನಲ್ಲಿ ಘೋಷಣೆಯಾದ ಜಿಯೋಫೋನ್ ಅಗ್ಗ ಮತ್ತು ಬೀಗದ ಹಳೆಯ ಜೋಡಿಯನ್ನು ಮತ್ತೆ ಕೂಡಿಸಿತು. ಗುಂಡಿಗಳಿರುವ ಪುಟ್ಟ 4ಜಿ ಸೆಟ್ಟು, ಹಾಕಬಹುದಾದದ್ದು ಜಿಯೋ ಸಿಮ್ ಒಂದನ್ನೇ. ಅದಕ್ಕೆ ಬೆಲೆಯೇ ಇಲ್ಲ ಎಂದು ಕಂಪನಿ ಸಾರಿತು; ಕೊಡಬೇಕಾದದ್ದು 1,500 ರೂಪಾಯಿ ಠೇವಣಿ. ವರ್ಷಕ್ಕೆ ಇಷ್ಟು ರೀಚಾರ್ಜ್ ಮಾಡಿಸುತ್ತ, ಮೂರು ವರ್ಷ ಬಳಸಿ, ಸೆಟ್ಟನ್ನು ಅಂಗಡಿಗೆ ತಂದು ಒಪ್ಪಿಸಿದವರಿಗೆ ಠೇವಣಿ ವಾಪಸು. ಬೀಗ ತೆಗೆಸುವ ಹಕ್ಕಿನ ಮಾತು ಇಲ್ಲಿ ಏಳುವುದಿಲ್ಲ, ಯಾಕೆಂದರೆ ಠೇವಣಿ ಬೇಕೆನ್ನುವವನಿಗೆ ಫೋನು ಉಳಿಯುವುದಿಲ್ಲ. ದೂರವಾಣಿನಗರದ ಕಪ್ಪು ಫೋನನ್ನು ಕೊಂಡೊಯ್ಯಲು ಲೈನ್‌ಮನ್ ಮನೆಗೆ ಬರುತ್ತಿದ್ದ. ಇದನ್ನು ಬಳಸಿದವನೇ ಒಯ್ದು ಕೊಟ್ಟು ರಸೀದಿ ಪಡೆಯಬೇಕಿತ್ತು.